ಸಂಪಾದಕರ ಉತ್ತರ: ಗೌಟ್ ಮಾತ್ರೆ ಎಂದರೆ ಯಾವ ಮಾತ್ರೆ?

"ಗೌಟ್ ಔಷಧಿ ವೈರಸ್‌ಗಳನ್ನೂ ತಡೆಯುತ್ತದೆಂದು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯ ಕಂಡುಕೊಂಡಿದೆಯಂತೆ. ತಂದೆಯವರ ಗೌಟ್ ಮಾತ್ರೆ ಮನೆಯಲ್ಲೇ ಇದೆ. ಜ್ವರ ಬಂದರೆ ಅವರಿಗೂ ಮಗುವಿಗೂ ಕೊಡಬಹುದೇ?" ಎಂದು ಕೇಳಿದ್ದೀರಿ.

ದಯವಿಟ್ಟು ಕೊಡಬೇಡಿ. ಮೊದಲು ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಯೂರಿಕ್ ಆಮ್ಲ ಹೆಚ್ಚಿ ಕೀಲುಗಳು ಊದಿ ನೋಯುವ ಕಾಯಿಲೆಯಾದ ಗೌಟಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಅಲೋಪ್ಯೂರಿನಾಲ್ ಇಲ್ಲವೇ ಫೆಬುಕ್ಸೊಸ್ಟಾಟ್. ಇವು ಯೂರಿಕ್ ಆಮ್ಲ ತಯಾರಾಗುವುದನ್ನೇ ತಗ್ಗಿಸುತ್ತವೆ. ಜಾರ್ಜಿಯಾದ ರಾಲ್ಫ್ ಟ್ರಿಪ್ ಅವರ ತಂಡ ಕೆಲಸ ಮಾಡಿದ್ದು ಪ್ರೊಬೆನೆಸಿಡ್ ಮೇಲೆ. ಅದು ಬೇರೆಯೇ ಔಷಧಿ. ಮೂತ್ರಪಿಂಡವು ಯೂರಿಕ್ ಆಮ್ಲವನ್ನು ರಕ್ತಕ್ಕೆ ಮರಳಿ ಎಳೆದುಕೊಳ್ಳದಂತೆ ಅದು ತಡೆಯುತ್ತದೆ.

ಆ ಸಂಶೋಧನೆ ಹುಸಿಯಲ್ಲ. ಜೀವಕೋಶದ ಪೊರೆಯಲ್ಲಿ ಓಎಟಿ3 ಎಂಬ ಸಾಗಣೆ ಪ್ರೋಟೀನ್ ಇದೆ. ಇನ್‌ಫ್ಲುಯೆಂಜಾ ವೈರಸ್ ಬೆಳೆಯಲು ಅದು ನೆರವಾಗುತ್ತದೆ, ಪ್ರೊಬೆನೆಸಿಡ್ ಅದನ್ನು ಅಡ್ಡಗಟ್ಟುತ್ತದೆ ಎಂದು ಈ ತಂಡ 2013ರಲ್ಲಿ ತೋರಿಸಿತು. 2021ರಲ್ಲಿ ಕೋವಿಡ್ ವೈರಸ್ ಮೇಲೆ, ಕೋಶಗಳಲ್ಲೂ ಇಲಿಯಂಥ ಹ್ಯಾಮ್‌ಸ್ಟರ್‌ಗಳಲ್ಲೂ ಪರೀಕ್ಷಿಸಿತು. ಔಷಧಿಯ ಗುರಿ ವೈರಸ್ಸಲ್ಲ, ನಮ್ಮದೇ ಕೋಶ. ಹಾಗಾಗಿ ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳುವುದು ಕಷ್ಟ. ನಮಗೆ ಭರವಸೆ ಹುಟ್ಟಿಸುವುದು ಇದೇ. ಆದರೆ ಹ್ಯಾಮ್‌ಸ್ಟರ್‌ನ ಶ್ವಾಸಕೋಶದಲ್ಲಿ ವೈರಸ್ ಇಳಿಯಿತು ಎಂಬುದರಿಂದ ಮನುಷ್ಯ ಬದುಕುತ್ತಾನೆ ಎಂದು ಹೇಳಲಾಗದು.

ಕೋಲ್ಚಿಸಿನ್ ನೋಡಿ, ಅದೂ ಗೌಟಿನ ಔಷಧಿಯೇ. ಕೋವಿಡ್ ಉರಿಯೂತಕ್ಕೆ ನೆರವಾದೀತೆಂದು ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆಗೆ ದಾಖಲಾದ 11,340 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಕೋಲ್ಚಿಸಿನ್ ಕೊಟ್ಟು ಪರೀಕ್ಷಿಸಿದರು. 28 ದಿನಗಳಲ್ಲಿ ಸತ್ತವರು ಎರಡೂ ಗುಂಪಿನಲ್ಲಿ ಶೇ. 21.

ವೈರಸ್ ಚಿಕಿತ್ಸೆಯಲ್ಲಿ ಪ್ರೊಬೆನೆಸಿಡ್‌ಗೆ ಈಗಾಗಲೇ ಒಂದು ಖಚಿತ ಜಾಗ ಉಂಟು. ಏಡ್ಸ್ ರೋಗಿಗಳ ಕಣ್ಣಿನ ಸೈಟೊಮೆಗಾಲೊವೈರಸ್ ಸೋಂಕಿಗೆ ಸಿಡೊಫೊವಿರ್ ಎಂಬ ವೈರಸ್ ನಿರೋಧಕ ಔಷಧಿಯ ಡ್ರಿಪ್ ಕೊಡುವಾಗ, 3 ಗಂಟೆ ಮೊದಲು 2 ಗ್ರಾಂ, ಡ್ರಿಪ್ ಮುಗಿದ 2 ಗಂಟೆಗೆ 1 ಗ್ರಾಂ, 8 ಗಂಟೆಗೆ ಮತ್ತೆ 1 ಗ್ರಾಂ: 500 ಮಿಲಿಗ್ರಾಂನ ಒಟ್ಟು 8 ಮಾತ್ರೆ. ಜೊತೆಗೆ ಡ್ರಿಪ್‌ಗೆ ಮೊದಲು ಒಂದು ಲೀಟರ್ ಸಲೈನ್. ಇಲ್ಲಿ ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಸಿಡೊಫೊವಿರ್ ಮೂತ್ರಪಿಂಡದ ಕೋಶಗಳಿಗೆ ನುಗ್ಗಿ ಅವನ್ನು ಕೆಡಿಸದಂತೆ ಕಾಯುತ್ತದೆ.

ಹೀಗೆ ಸಾಗಣೆಯ ದಾರಿ ಮುಚ್ಚುವುದೇ ಅಪಾಯಕ್ಕೂ ಮೂಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಅದು ಹೊರಹೋಗದೆ ರಕ್ತದಲ್ಲಿ ಏರಿ ವಿಷವಾಗಬಹುದು. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚುವುದರಿಂದ, ನೀರು ಸಾಲದಿದ್ದರೆ ಕಲ್ಲು ಕಟ್ಟಬಹುದು. ಜ್ವರದಲ್ಲಿ ನೀರು ಕುಡಿಯುವುದೇ ಕಡಿಮೆ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಪ್ರೊಬೆನೆಸಿಡ್ ಕೊಡಲೇಬಾರದು.

ತಂದೆಯವರ ಸ್ಟ್ರಿಪ್ಪಿನ ಮೇಲೆ ಕೋಲ್ಚಿಸಿನ್ ಎಂದಿದ್ದರೆ, ಜ್ವರಕ್ಕೆ ವೈದ್ಯರ ಬಳಿ ಹೋಗುವಾಗ ಅದನ್ನು ಕೈಯಲ್ಲೇ ಹಿಡಿದು ಹೋಗಿ. ಎದೆಯ ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್ ಅದರೊಂದಿಗೆ ಸೇರಿದರೆ ಪ್ರಾಣಕ್ಕೇ ಕುತ್ತಾಗಬಹುದು.