2003ರ ಯುಎಸ್‌ಸಿ: ತಪ್ಪು ಕಂಪ್ಯೂಟರ್‌ನದಷ್ಟೇ ಅಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಫೈನಲ್ ಆಡುವ ಎರಡು ತಂಡಗಳನ್ನು ಆಗ ಬಿಸಿಎಸ್ ಪಟ್ಟಿ ಆರಿಸುತ್ತಿತ್ತು; ಮತದಾನದ ಎರಡು ಪೋಲ್‌ಗಳನ್ನೂ ಕಂಪ್ಯೂಟರ್ ಲೆಕ್ಕಗಳನ್ನೂ ಸೇರಿಸಿ ಅದನ್ನು ಮಾಡುತ್ತಿದ್ದರು. ಎರಡೂ ಪೋಲ್‌ಗಳಲ್ಲಿ ಮೊದಲಿದ್ದ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ) 2003ರ ಆ ಪಟ್ಟಿಯಲ್ಲಿ ಮೂರಕ್ಕಿಳಿದದ್ದು ಕಂಪ್ಯೂಟರ್‌ನಿಂದಲೇ ಅಂತ ನೀವು ಕೇಳಿರಬಹುದು. ಅರ್ಧ ಮಾತ್ರ ನಿಜ. ಇನ್ನೊಂದು ತಂಡ ಒಕ್ಲಹೋಮಾ, ಕಾನ್ಸಾಸ್ ಸ್ಟೇಟ್ ಎದುರು 35-7ರಿಂದ ಸೋತಾಗ ಮತ ಹಾಕುವವರು ಅದನ್ನು ಕೆಳಗಿಳಿಸಿದರು. ಆದರೆ ಗೆಲುವಿನ ಅಂತರ ಪರಿಗಣಿಸಬಾರದೆಂದು 2002ರಲ್ಲೇ ನಿಯಮ ಬಂದಿತ್ತು. ಹಾಗಾಗಿ ಕಂಪ್ಯೂಟರ್ ಲೆಕ್ಕದಲ್ಲಿ ಅದೂ ಒಂದು ಸೋಲು, ಯುಎಸ್‌ಸಿ ಮೂರು ಓವರ್‌ಟೈಮ್ ಆಡಿ ಕ್ಯಾಲಿಫೋರ್ನಿಯಾ ತಂಡಕ್ಕೆ 34-31ರಿಂದ ಸೋತದ್ದೂ ಒಂದು ಸೋಲು; ಒಕ್ಲಹೋಮಾ ಪಟ್ಟಿಯಲ್ಲಿ ಯುಎಸ್‌ಸಿಗಿಂತ ಮೇಲೇ ಉಳಿಯಿತು. ಕಂಪ್ಯೂಟರ್‌ನ ಕಣ್ಣಿಗೆ ಬಟ್ಟೆ ಕಟ್ಟಿದವರು ಮನುಷ್ಯರೇ! ಇನ್ನೊಂದು ದೋಷ ಸೂತ್ರದ್ದು: ಎದುರಾಳಿಗಳ ಬಲ ಕಂಪ್ಯೂಟರ್ ಅಂಕದೊಳಗೇ ಇತ್ತು, ಮತ್ತೆ ಪ್ರತ್ಯೇಕವಾಗಿಯೂ ಕೂಡಿಸಿದರು. 2004ರಲ್ಲಿ ಆ ಪ್ರತ್ಯೇಕ ಅಂಕವನ್ನು ಕಿತ್ತುಹಾಕಿ ಎರಡು ಪೋಲ್‌ಗಳಿಗೆ ತಲಾ ಮೂರನೇ ಒಂದು, ಆರು ಕಂಪ್ಯೂಟರ್‌ಗಳಿಗೆ ಸೇರಿ ಮೂರನೇ ಒಂದು ಪಾಲು ಕೊಟ್ಟರು. ಕಂಪ್ಯೂಟರ್‌ಗಳಲ್ಲಿ ಅತಿ ಹೆಚ್ಚಿನ, ಅತಿ ಕಡಿಮೆಯ ಅಂಕ ಬಿಟ್ಟು ನಾಲ್ಕರ ಸರಾಸರಿ.