ಡ್ರೈಯರ್‌ನಿಂದ ಸುಟ್ಟ ವಾಸನೆ ಬಂದರೆ

ನೀವು ಚಿತ್ರದುರ್ಗದಿಂದ ಅಮೆರಿಕಕ್ಕೆ ಹೋಗಿ ಬಾಡಿಗೆ ಮನೆ ಹಿಡಿದಿರುವುದನ್ನೂ, ಆ ಮನೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ನಿಂದ ಕೆಲವು ದಿನಗಳಿಂದ ಸುಟ್ಟ ವಾಸನೆ ಬರುತ್ತಿರುವುದನ್ನೂ, ಮಾಲೀಕರಿಗೆ ಹೇಳಿದರೆ ಬಂದ ಹೊಸದರಲ್ಲೇ ತಕರಾರು ತೆಗೆದಂತಾಗುತ್ತದೆ ಎಂಬ ನಿಮ್ಮ ಸಂಕೋಚವನ್ನೂ ಓದಿದೆ. ರಜೆಗೆಂದು ದಾವಣಗೆರೆಗೆ ಬಂದಿರುವ ನಾನು ಇಲ್ಲಿಂದಲೇ ಉತ್ತರಿಸುತ್ತಿದ್ದೇನೆ. ವಾಪಸ್ಸು ಹೋದ ಮೇಲೆ ಬರೆದರಾಯಿತು ಎಂದು ಬಿಡುವಂಥ ವಿಷಯ ಇದಲ್ಲ. ಕಾರಣ ಗೊತ್ತಾಗುವವರೆಗೆ ದಯವಿಟ್ಟು ಆ ಯಂತ್ರವನ್ನು ಮತ್ತೆ ಚಾಲೂ ಮಾಡಬೇಡಿ.

ಅಲ್ಲಿ ವಿದ್ಯುತ್ ಡ್ರೈಯರ್‌ಗೆ 240 ವೋಲ್ಟಿನ ಪ್ರತ್ಯೇಕ ಲೈನ್ ಇರುತ್ತದೆ. ಬ್ರೇಕರ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 30 ಆಂಪಿಯರ್ ಎಂದು ಬರೆದಿರುವ ಜೋಡಿ ಸ್ವಿಚ್ಚನ್ನು ಮೊದಲು ಇಳಿಸಿ, ಆಮೇಲೆ ಪ್ಲಗ್ ಕೀಳಿ. ನಿಮ್ಮದು ಗ್ಯಾಸ್ ಡ್ರೈಯರ್ ಆಗಿದ್ದು, ಕೊಳೆತ ಮೊಟ್ಟೆಯಂಥ ನಾತ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಆ ದೇಶದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಇನ್ನು ಕಾರಣದ ಮಾತು. ಒಂದು ಸಲಕ್ಕೆ ಒಣಗುತ್ತಿದ್ದ ಬಟ್ಟೆಗೆ ಈಗ ಎರಡು ಸಲ ಓಡಿಸಬೇಕಾಗಿದೆ ಎಂದು ನೀವೇ ಬರೆದಿದ್ದೀರಿ, ನನಗೆ ಅನುಮಾನ ಬಂದದ್ದು ಅಲ್ಲಿಯೇ. ಡ್ರೈಯರ್ ಬಿಸಿ ಗಾಳಿಯನ್ನು ಬಟ್ಟೆಯ ಮೂಲಕ ಹಾಯಿಸಿ, ತೇವದೊಂದಿಗೆ ಅದನ್ನು ಹಿಂಬದಿಯ ಕೊಳವೆಯಿಂದ ಮನೆಯ ಹೊರಗೆ ದೂಡುತ್ತದೆ. ಬಟ್ಟೆಯಿಂದ ಉದುರುವ ನವಿರಾದ ನೂಲಿನ ಪುಡಿ, ಅಂದರೆ ಲಿಂಟಿನಲ್ಲಿ ಬಹುಪಾಲು ಅದನ್ನು ಹಿಡಿಯಲೆಂದೇ ಯಂತ್ರದಲ್ಲಿರುವ ಜಾಲರಿಯಲ್ಲಿ ನಿಂತರೂ ಉಳಿದದ್ದು ಆ ಕೊಳವೆಯಲ್ಲಿ, ಜಾಲರಿಯ ಕೆಳಗಿನ ಸಂದಿನಲ್ಲಿ, ಕೆಲವೊಮ್ಮೆ ಯಂತ್ರದ ಹೊಟ್ಟೆಯೊಳಗೆ ಹೀಟರಿನ ಪಕ್ಕದಲ್ಲಿಯೇ ಕೂಡುತ್ತಾ ಹೋಗುತ್ತದೆ. ಗಾಳಿಗೆ ದಾರಿ ಕಟ್ಟಿದಾಗ ಬಟ್ಟೆ ಒಣಗುವುದಿಲ್ಲ, ಶಾಖ ಒಳಗೇ ಉಳಿಯುತ್ತದೆ, ಒಣ ಲಿಂಟು ಸೀಯತೊಡಗುತ್ತದೆ. ಹತ್ತಿ ಗಿರಣಿಗಳಿಂದ ಬೆಳೆದ ದಾವಣಗೆರೆಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಶೆಡ್ಡಿನ ಮೂಲೆಯಲ್ಲಿ ಕೂತ ಹತ್ತಿಯ ಪುಡಿಗೆ ಕಿಡಿ ತಾಗಿದರೆ ಏನಾಗುತ್ತದೆಂದು ಹಳಬರಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಕೊಳವೆಯಲ್ಲಿರುವುದೂ ಅದೇ ಜಾತಿಯ ಪದಾರ್ಥ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಹೊತ್ತಿತ್ತು, ಅದರಲ್ಲಿ ಶೇಕಡಾ 34ಕ್ಕೆ ಸ್ವಚ್ಛ ಮಾಡದಿರುವುದೇ ಕಾರಣವಾಗಿತ್ತು.

ಪ್ಲಗ್ ಕಿತ್ತ ಮೇಲೆ ಜಾಲರಿಯನ್ನು ಹೊರತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ಕಣ್ಣಿಗೆ ಶುಭ್ರವಾಗಿ ಕಂಡರೂ ನೀರು ಕೆಳಗಿಳಿಯದೆ ಅದರ ಮೇಲೆಯೇ ನಿಂತರೆ, ಸುವಾಸನೆಗೆಂದು ಹಾಕುವ ಡ್ರೈಯರ್ ಶೀಟುಗಳ ಜಿಡ್ಡು ಅದರ ಕಣ್ಣುಗಳನ್ನು ಮುಚ್ಚಿದೆ ಎಂದರ್ಥ. ಬೆಚ್ಚಗಿನ ಸೋಪು ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಯಂತ್ರವನ್ನು ಮುಂದಕ್ಕೆಳೆದು ಹಿಂದಿನ ಕೊಳವೆಯನ್ನೂ ನೋಡಿ. ನಾಲ್ಕು ಇಂಚಿನ ಆ ಕೊಳವೆ ಪ್ಲಾಸ್ಟಿಕ್ಕಿನದೋ ತೆಳು ಫಾಯಿಲಿನದೋ ಆಗಿದ್ದರೆ, ಗೋಡೆಗೆ ಒತ್ತಿ ಜಜ್ಜಿಹೋಗಿದ್ದರೆ, ಅದನ್ನು ತೆಗೆಸಿ ಗಟ್ಟಿ ಲೋಹದ ಕೊಳವೆ ಹಾಕಿಸಲೇಬೇಕು. ಹೊರಗೋಡೆಯ ಮುಚ್ಚಳ ಯಂತ್ರ ಓಡುವಾಗ ತಾನಾಗಿ ತೆರೆಯಬೇಕು. ಹಕ್ಕಿ ಬಾರದಿರಲೆಂದು ಅಲ್ಲಿ ಯಾರೋ ಬಲೆ ಬಡಿದಿರುವುದುಂಟು, ಲಿಂಟು ಮೊದಲು ಕಟ್ಟಿಕೊಳ್ಳುವುದೇ ಆ ಬಲೆಗೆ. ಚಳಿಗಾಲದಲ್ಲಿ ಹಿಮವೂ ಅದನ್ನು ಮುಚ್ಚಿಬಿಡುತ್ತದೆ.

ವಾಸನೆ ಎಂಥದ್ದೆಂದು ನೀವು ಬರೆದಿಲ್ಲ. ಟೈರು ಸುಟ್ಟಂತಿದ್ದರೆ ಡ್ರಮ್ಮನ್ನು ತಿರುಗಿಸುವ ಬೆಲ್ಟು ಜಾರಿ ಉಜ್ಜುತ್ತಿರಬಹುದು, ಅಥವಾ ರೋಲರ್ ಸವೆದಿರಬಹುದು. ಊರಿನಿಂದ ತಂದ ಕೌದಿಯನ್ನೋ ಕಂಬಳಿಯನ್ನೋ ಒದ್ದೆಯಲ್ಲೇ ತುರುಕಿದರೆ ಆ ಭಾರಕ್ಕೆ ಬೆಲ್ಟು ಬೇಗ ಸೋಲುತ್ತದೆ. ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ಕರಗಿದ ಘಾಟಾಗಿದ್ದರೆ ಪ್ಲಗ್ಗಿನ ಕಡ್ಡಿಗಳು ಕಪ್ಪಾಗಿವೆಯೇ ನೋಡಿ. ಕಪ್ಪಾಗಿದ್ದರೆ ಸಡಿಲ ಸಂಪರ್ಕದಿಂದ ತಂತಿ ಕಾಯುತ್ತಿದೆ, ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬನೇ ಮುಟ್ಟಬೇಕು. ಶಾಖ ಮೀರಿದಾಗ ಕಡಿದುಹೋಗಲೆಂದೇ ಇಟ್ಟಿರುವ ಥರ್ಮಲ್ ಫ್ಯೂಸನ್ನು ತಪ್ಪಿಸಿ ತಂತಿ ಜೋಡಿಸಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕೊಳವೆ ಶುಚಿ ಮಾಡದೆ ಬರೀ ಫ್ಯೂಸ್ ಬದಲಿಸಿ ಹೋಗುವವನನ್ನೂ ನಂಬಬೇಡಿ.

ನಮ್ಮ ಕಡೆಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಎಣ್ಣೆಯ ಬಗ್ಗೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ನಿಮ್ಮ ಜಿಲ್ಲೆಯದೇ, ಶೇಂಗಾ ಎಣ್ಣೆ ಇಲ್ಲದೆ ನಮ್ಮ ಅಡುಗೆ ನಡೆಯುವುದಿಲ್ಲ. ಒಗ್ಗರಣೆ ಸಿಡಿದ ಕಟ್ಟೆ ಒರೆಸಿದ ಬಟ್ಟೆ, ಮಿರ್ಚಿ ಕರಿದ ದಿನದ ಟವೆಲ್ಲು ಒಗೆದ ಮೇಲೂ ಎಣ್ಣೆ ಉಳಿಸಿಕೊಂಡಿರುತ್ತವೆ. ಡ್ರೈಯರ್‌ನ ಶಾಖದಲ್ಲಿ ಆ ಎಣ್ಣೆ ಗಾಳಿಯೊಂದಿಗೆ ಕೂಡಿ ತಾನೇ ಕಾಯತೊಡಗುತ್ತದೆ; ಬಿಸಿ ಬಟ್ಟೆಯನ್ನು ರಾಶಿ ಹಾಕಿಟ್ಟರೆ ಯಂತ್ರ ನಿಂತ ಮೇಲೂ ಅದು ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ಡ್ರೈಯರ್‌ಗೆ ಹಾಕದೆ ಹಗ್ಗದ ಮೇಲೆ ಹರವಿ.

ಮಾಲೀಕರಿಗೆ ಇವತ್ತೇ ಈಮೇಲ್ ಬರೆಯಿರಿ, ವಾಸನೆ ಶುರುವಾದ ದಿನವನ್ನೂ ನೀವು ಕಂಡದ್ದನ್ನೂ ತಿಳಿಸಿ, ಫೋಟೊ ಸೇರಿಸಿ. ಬೇರೆಯವರ ಮನೆಯಲ್ಲಿದ್ದೇವೆ, ಹೊಂದಿಕೊಂಡು ಹೋಗೋಣ ಎಂಬುದು ನಮ್ಮ ಊರಿನ ಒಳ್ಳೆಯ ಗುಣವೇ ಹೌದು, ಆದರೆ ಬೆಂಕಿಯ ವಿಷಯದಲ್ಲಿ ಅದನ್ನು ಪಕ್ಕಕ್ಕಿಡಿ. ಯಾವ ಮಾಲೀಕನಿಗಾದರೂ ತನ್ನ ಮನೆ ಸುಡುವುದು ಬೇಡ. ದುರಸ್ತಿಯಾದ ಮೇಲೂ ನೀವು ಹೊರಗೆ ಹೋಗುವಾಗ, ಮಲಗುವಾಗ ಡ್ರೈಯರ್ ಓಡಿಸಬೇಡಿ. ಎಂದಾದರೂ ಒಳಗೆ ಜ್ವಾಲೆ ಕಂಡರೆ ಬಾಗಿಲು ತೆರೆಯಬೇಡಿ, ತೆರೆದರೆ ಗಾಳಿ ನುಗ್ಗಿ ಬೆಂಕಿ ಹೆಚ್ಚುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ 911ಕ್ಕೆ ಕರೆ ಮಾಡಿ. ದುರಸ್ತಿಯಾಗುವವರೆಗೆ ಹತ್ತಿರದ ಲಾಂಡ್ರೊಮ್ಯಾಟಿನಲ್ಲಿ, ಅಂದರೆ ಎಲ್ಲರೂ ಬಳಸುವ ಬಟ್ಟೆ ಯಂತ್ರಗಳ ಅಂಗಡಿಯಲ್ಲಿ, ನಾಣ್ಯ ಹಾಕಿ ಬಟ್ಟೆ ಒಣಗಿಸಿಕೊಳ್ಳಬಹುದು. ಬಾಲ್ಕನಿಯಲ್ಲಿ ಹಗ್ಗ ಕಟ್ಟುವ ಮುನ್ನ ಮಾತ್ರ ಬಾಡಿಗೆ ಕರಾರನ್ನು ಓದಿ, ಕೆಲವು ಕಡೆ ಅದಕ್ಕೆ ಅನುಮತಿ ಇರುವುದಿಲ್ಲ.