ಪ್ರವಾಸದೊಳಗಿನ ವಾಸ ಎಲ್ಲಿ ಹೋಯಿತು?

ಈ ಸಲದ ಅಂಚೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ನಾಲ್ಕು ಪುಟದ ಪತ್ರವಿದೆ. ಸಾರಾಂಶ ಇಷ್ಟು: ಗಂಡ ತೀರಿಕೊಂಡ ಮೇಲೆ, ಅಮ್ಮನ ಮನಸ್ಸಿಗೆ ಸ್ವಲ್ಪ ನೆಮ್ಮದಿ ಸಿಗಲಿ ಎಂದು ಮಕ್ಕಳು ಅವರನ್ನು ಹನ್ನೊಂದು ದಿನ, ಆರು ದೇಶಗಳ ಪ್ರವಾಸಕ್ಕೆ ಕಳಿಸಿದರು. ಎಲ್ಲವೂ ಸುಸೂತ್ರ. ಲಗೇಜು ಕಳೆಯಲಿಲ್ಲ, ಬಸ್ಸು ತಡವಾಗಲಿಲ್ಲ, ಫೋನಿನ ತುಂಬ ಫೋಟೊ. “ಆದರೆ ಹೋಗುವಾಗ ಎಷ್ಟು ಒಂಟಿಯಾಗಿದ್ದೆನೋ ಬಂದಾಗಲೂ ಅಷ್ಟೇ ಒಂಟಿ. ದೇಶ ಸುತ್ತು, ಕೋಶ ಓದು ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆ. ಕೋಶವೇ ಸಾಕಿತ್ತು. ಮನೆಯಲ್ಲಿ ಕೂತು ವಿಡಿಯೊ ನೋಡಿದ್ದರೂ ಇಷ್ಟೇ ಕಾಣುತ್ತಿತ್ತು. ಪ್ರವಾಸದಿಂದ ಮನುಷ್ಯರು ಹತ್ತಿರವಾಗುತ್ತಾರೆ ಅಂತ ನಿಮ್ಮ ಪತ್ರಿಕೆ ಬರೆಯುವುದೆಲ್ಲ ಬುರುಡೆಯೇ?” ಕೊನೆಯಲ್ಲಿ, ಬೇರೆ ಪೆನ್ನಿನಲ್ಲಿ, ಒಂದು ಸಾಲು: “ಬಸ್ಸಿನ ಡ್ರೈವರ್ ಮಾತ್ರ ಒಳ್ಳೆಯವ. ನನ್ನ ಶಾಲು ಕೆಳಗೆ ಬಿದ್ದಾಗಲೆಲ್ಲ ಮಡಚಿ ಸೀಟಿನ ಮೇಲೆ ಇಟ್ಟಿರುತ್ತಿದ್ದ.”

ಟೀಚರ್, ನಿಮ್ಮ ಮಾತಿನಲ್ಲಿ ಅರ್ಧ ನಿಜ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ, ಆಮೇಲೆ ಜಗಳವಾಡಲು ಅನುಕೂಲ. ಗುಂಪು ಪ್ರವಾಸವನ್ನು ನಾನು ಹೀಗಳೆಯುವವನಲ್ಲ. ವಯಸ್ಸಾದವರಿಗೆ, ಒಬ್ಬರೇ ಹೊರಡುವ ಹೆಂಗಸರಿಗೆ, ಭಾಷೆ ಬಾರದವರಿಗೆ ಅದೊಂದು ಆಸರೆ. ನಾನೂ ಎರಡು ಸಲ ಹೋಗಿದ್ದೇನೆ, ಬಸ್ಸಿನಲ್ಲಿ ಸುಖವಾಗಿ ನಿದ್ದೆ ಹೊಡೆದಿದ್ದೇನೆ. ಅದರ ಹುಟ್ಟೂ ಚೆನ್ನಾಗಿಯೇ ಇತ್ತು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬಾತ ಇಂಗ್ಲೆಂಡಿನ ಲೆಸ್ಟರಿನಿಂದ ಲಫ್ಬರಾಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದ. ಯಾವ ಅರಮನೆ ತೋರಿಸಲೂ ಅಲ್ಲ, ಕುಡಿತದ ವಿರುದ್ಧದ ಒಂದು ಸಭೆಗೆ. ಒಂದೇ ಉದ್ದೇಶಕ್ಕೆ ಹೊರಟ ಜನ, ದಾರಿಯುದ್ದಕ್ಕೂ ಮಾತಾಡಿಕೊಂಡೇ ಹೋಗಿರಬೇಕು. ಅಲ್ಲಿಂದ ಶುರುವಾದದ್ದು ಬರಬರುತ್ತಾ ಪಕ್ಕದ ಸೀಟಿನವರ ಹೆಸರೂ ಗೊತ್ತಾಗದ ಹನ್ನೊಂದು ದಿನಕ್ಕೆ ಬಂದು ನಿಂತಿದೆ.

ಇನ್ನು ಜಗಳ. ‘ಪ್ರಯಾಣ’ ಎಂಬ ಪದದಲ್ಲಿ ಇರುವುದು ಹೋಗುವುದು. ‘ಪ್ರವಾಸ’ದಲ್ಲಿ ಇರುವುದು ವಾಸ. ಮನೆಯಿಂದ ದೂರ ಹೋಗಿ ಇರುವುದು, ಉಳಿಯುವುದು. ನೀವು ಪ್ರಯಾಣ ಮಾಡಿದಿರಿ ಟೀಚರ್, ಪ್ರವಾಸ ಮಾಡಲಿಲ್ಲ. ಆರು ದೇಶಕ್ಕೆ ಹನ್ನೊಂದು ದಿನವನ್ನು ಹಂಚಿದರೆ ದೇಶಕ್ಕೆ ಎರಡು ದಿನವೂ ಬೀಳುವುದಿಲ್ಲ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕೇ?

ನನ್ನ ನಂಬಿಕೆ ಒಂದೇ, ಅದನ್ನು ಈ ಪುಟದಲ್ಲಿ ಹಲವು ಸಲ ಕುಟ್ಟಿದ್ದೇನೆ: ಯಾರಿಂದಲೂ ಏನೂ ಬೇಡದವನಿಗೆ ದಾರಿಯಲ್ಲಿ ಯಾರೂ ಸಿಗುವುದಿಲ್ಲ. 1962ರ ಜೂನ್ 1ರಂದು ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಯುವಕರು ಅಣುಬಾಂಬನ್ನು ವಿರೋಧಿಸಿ ದೆಹಲಿಯ ರಾಜಘಾಟಿನಿಂದ ನಡೆಯುತ್ತಾ ಹೊರಟರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಅವರ ಗುರಿ. ಹೊರಡುವ ಮುನ್ನ ವಿನೋಬಾ ಭಾವೆ ಕೊಟ್ಟ ಸಲಹೆ ವಿಚಿತ್ರವಾಗಿತ್ತು: ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಡಿ. ದುಡ್ಡಿದ್ದರೆ ಸಂಜೆ ದಣಿದು ಯಾವುದೋ ವಸತಿಗೃಹ ಹೊಕ್ಕು ಮಲಗುತ್ತೀರಿ, ಬೆಳಗ್ಗೆ ಎದ್ದು ಮುಂದಿನ ದಾರಿ ಹಿಡಿಯುತ್ತೀರಿ. ಇಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕು, ಮಾತಾಡಲೇಬೇಕು. ಪಾಕಿಸ್ತಾನದ ಗಡಿಯಲ್ಲಿ ಬೀಳ್ಕೊಡಲು ಬಂದ ಗೆಳೆಯರು ಆತಂಕದಿಂದ ಬುತ್ತಿ ಕಟ್ಟಿ ತಂದಿದ್ದರಂತೆ. ಸತೀಶ್ ಕುಮಾರ್ ಅದನ್ನು ಮುಟ್ಟಲಿಲ್ಲ. ಅದು ಬುತ್ತಿಯಲ್ಲ, ಅಪನಂಬಿಕೆಯ ಗಂಟು ಎಂದು ವಾಪಸು ಕೊಟ್ಟರು. ಆ ಗಂಟನ್ನು ಹೊತ್ತುಕೊಂಡು ಹೋಗಿದ್ದರೆ ಆಚೆ ಕಡೆಯ ಮನೆಯವರಿಗೆ ಏನೆಂದು ಹೇಳುವುದು?

ನೀವೂ ನಾನೂ ಹಾಗೆ ಹೊರಡಲಾರೆವು, ಬಿಡಿ. ಆದರೆ ನಮ್ಮ ಸೂಟ್‌ಕೇಸಿನಲ್ಲಿ ಇಂಥ ಗಂಟು ಎಷ್ಟಿರುತ್ತವೆ ಎಂದು ಒಮ್ಮೆ ಬಿಚ್ಚಿ ನೋಡಬಹುದು.

ಒಂಟಿತನದ ಮಾತು ಬರೆದಿದ್ದೀರಿ. ಮೊರಾಕ್ಕೊದ ಹೆಸರಾಂತ ಪ್ರವಾಸಿ ಇಬ್ನ್ ಬತೂತಾ 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಟ್ಯಾಂಜಿಯರಿನ ಮನೆ ಬಿಟ್ಟ. ಟ್ಯೂನಿಸ್ ಊರು ಬಂದಾಗ ಅಲ್ಲಿನವರು ಎದುರು ಬಂದು ಜೊತೆಯ ಪ್ರಯಾಣಿಕರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದರು. ಇವನನ್ನು ಕೇಳುವವರಿಲ್ಲ. ನಿಂತಲ್ಲೇ ಅತ್ತುಬಿಟ್ಟ. ಜೊತೆಯಲ್ಲಿದ್ದ ಯಾತ್ರಿಕನೊಬ್ಬ ಅದನ್ನು ಗಮನಿಸಿ, ಹತ್ತಿರ ಬಂದು ನಮಸ್ಕಾರ ಹೇಳಿ, ಊರು ಹೊಗುವವರೆಗೂ ಮಾತಾಡುತ್ತಾ ಬಂದ. ಮುಂದೆ ಸುಲ್ತಾನರ ದರ್ಬಾರುಗಳನ್ನು ಕಂಡವನು ಈ ಪುಟ್ಟ ಸಂಗತಿಯನ್ನು ಮರೆಯದೆ ದಾಖಲಿಸಿದ್ದಾನೆ. ಅಲ್ಲಿ ಆತ ಕಣ್ಣೀರು ಅಡಗಿಸಿಕೊಂಡಿದ್ದರೆ ಆ ಯಾತ್ರಿಕ ಬರುತ್ತಿದ್ದನೇ? ನೀವು ಗಂಡನನ್ನು ಕಳೆದುಕೊಂಡವರು ಎಂದು ಆ ಬಸ್ಸಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಟೀಚರ್?

ನನ್ನದೂ ಒಂದು ಹೇಳುತ್ತೇನೆ. ಭಾಷೆ ಬಾರದ ಊರಿನಲ್ಲಿ ನನ್ನ ಬ್ಯಾಗಿನ ಹೊಲಿಗೆ ಬಿಟ್ಟುಹೋಯಿತು. ಬಸ್ಸಿಗೆ ಅರ್ಧ ಗಂಟೆ. ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮುದುಕನ ಮುಂದೆ ಬ್ಯಾಗು ಹಿಡಿದು ನಿಂತೆ. ಆತ ನನ್ನನ್ನು ಕೆಳಗೆ ಕೂರಿಸಿದ, ಹರಿದ ಎರಡು ಅಂಚನ್ನೂ ನನ್ನ ಕೈಗೆ ಕೊಟ್ಟ, ಬಿಗಿಯಾಗಿ ಹಿಡಿ ಎಂದು ಸನ್ನೆ ಮಾಡಿದ. ದಾರಕ್ಕೆ ಮೇಣ ಸವರಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ದಬ್ಬಳ ಚುಚ್ಚುತ್ತಾ ಹೋದ. ನಾನು ಬಸ್ಸು ಬಂತೇ ಎಂದು ತಿರುಗಿದೆ, ಅಂಚು ಸಡಿಲವಾಯಿತು. ಪಟ್ಟನೆ ಕೈಮೇಲೆ ಒಂದೇಟು! ಇಬ್ಬರೂ ನಕ್ಕೆವು. ಬ್ಯಾಗು ಇವತ್ತಿಗೂ ಇದೆ. ಆ ಊರಿನ ಪ್ರಸಿದ್ಧ ಕೋಟೆಯನ್ನೂ ನೋಡಿದ್ದೆ, ಅದರ ಒಂದು ಕಲ್ಲೂ ನೆನಪಿಲ್ಲ.

ಇದಕ್ಕೆ ಪಂಡಿತರ ಬೆಂಬಲವೂ ಇದೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲೇ ಹೇಳಿದ್ದ: ಬೇರೆ ಬೇರೆ ಗುಂಪಿನ ಜನ ಎದುರುಬದುರಾದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ, ಇಬ್ಬರೂ ಸಮಾನರಾಗಿ, ಒಂದು ಕೆಲಸಕ್ಕೆ ಒಟ್ಟಿಗೆ ಕೈ ಹಾಕಬೇಕು, ಸುತ್ತಲಿನ ವ್ಯವಸ್ಥೆಯ ಒಪ್ಪಿಗೆಯೂ ಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಕಲೆಹಾಕಿ ನೋಡಿದರು. ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ, ಆ ಷರತ್ತುಗಳಿದ್ದರೆ ಇನ್ನೂ ಹೆಚ್ಚು ತಗ್ಗುತ್ತದೆ ಎಂದು ಕಂಡಿತು. ಬಸ್ಸಿನ ಗಾಜಿನ ಹಿಂದೆ ಎತ್ತರದಲ್ಲಿ ಕೂತು ಕೆಳಗಿನವರ ಫೋಟೊ ತೆಗೆಯುವುದು ಯಾವ ಷರತ್ತಿಗೂ ಹೊಂದುವುದಿಲ್ಲ. ಆ ಮುದುಕನ ಏಟು ಹೊಂದುತ್ತದೆ.

ಎರಡನೇ ಮಹಾಯುದ್ಧದ ಬೂದಿ ಆರುವ ಮೊದಲೇ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಕೆಲವರು ಸೇರಿ ‘ಸರ್ವಾಸ್’ ಎಂಬ ಕೂಟ ಕಟ್ಟಿದರು. ಅಪರಿಚಿತ ದೇಶದವರ ಮನೆಯಲ್ಲಿ ಎರಡು ರಾತ್ರಿ, ದುಡ್ಡಿನ ಮಾತಿಲ್ಲ. ಮನೆಯವರ ಜೊತೆ ಬೆರೆಯಬೇಕು, ಅಷ್ಟೇ. ಶಾಂತಿಗೆ ಅವರು ಕಂಡುಕೊಂಡ ದಾರಿ ಇದು. ಕೂಟ ಇನ್ನೂ ನಡೆಯುತ್ತಿದೆ.

ಈಗಿನ ಆತಿಥ್ಯ ನೋಡಿ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಮನೆ, ಬಾಗಿಲ ಪಕ್ಕದ ಗೋಡೆಗೆ ಒಂದು ಪುಟ್ಟ ಲೋಹದ ಡಬ್ಬಿ. ನಾಲ್ಕು ಅಂಕಿ ತಿರುಗಿಸಿದರೆ ಒಳಗೆ ಬೀಗದ ಕೈ. ಮೂರು ದಿನ ಇದ್ದು, ಬೀಗದ ಕೈಯನ್ನು ಮತ್ತೆ ಡಬ್ಬಿಗೆ ಹಾಕಿ, ‘ಆತಿಥ್ಯ ಅದ್ಭುತ’ ಎಂದು ಐದು ನಕ್ಷತ್ರ ಒತ್ತಿ ಹೊರಟುಬಿಡಬಹುದು. ತಿಥಿ ಹೇಳದೆ ಬರುವವನು ಅತಿಥಿ ಎನ್ನುತ್ತಾರೆ. ಈತನ ತಿಥಿಯೂ ಗೊತ್ತು, ಗಂಟೆಯೂ ಗೊತ್ತು, ಗೊತ್ತಿಲ್ಲದ್ದು ಮುಖ ಮಾತ್ರ. 2024ರ ನವೆಂಬರಿನಲ್ಲಿ ಇಟಲಿಯ ಒಳಾಡಳಿತ ಸಚಿವಾಲಯ, ಬಂದವರ ಗುರುತನ್ನು ಮುಖತಃ ನೋಡಿಯೇ ಒಳಗೆ ಬಿಡಬೇಕು ಎಂದು ಸುತ್ತೋಲೆ ಹೊರಡಿಸಿತು. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಮನೆಗೆ ಬಂದವರ ಮುಖ ನೋಡಿ ಎಂದು ಪೊಲೀಸರು ಹೇಳಬೇಕಾದ ಕಾಲ!

ದಾರಿ ಕೇಳುವುದನ್ನೂ ಬಿಟ್ಟೆವು. ಹಿಂದೆ ದಾರಿ ಕೇಳಿದರೆ ಮೂವರು ಸೇರಿ ಮೂರು ದಿಕ್ಕು ತೋರಿಸುತ್ತಿದ್ದರು, ಅವರವರಲ್ಲೇ ವಾದ ಹತ್ತುತ್ತಿತ್ತು, ನಡುವೆ ನಮ್ಮ ಊರು, ಮಕ್ಕಳು, ಕೆಲಸ ಎಲ್ಲ ವಿಚಾರಣೆಯಾಗುತ್ತಿತ್ತು. ಈಗ ಫೋನು ಎಡಕ್ಕೆ ತಿರುಗು ಅನ್ನುತ್ತದೆ, ತಿರುಗುತ್ತೇವೆ.

ನನ್ನ ಮೇಜಿಗೆ ಬರುವ ಪ್ರವಾಸ ಲೇಖನಗಳ ಪಾಡೂ ಇದೇ. ಬೆಟ್ಟದ ಎತ್ತರ ಇರುತ್ತದೆ, ಕಟ್ಟಡದ ಇಸವಿ ಇರುತ್ತದೆ, ಲೇಖಕರ ಇಪ್ಪತ್ತು ಫೋಟೊ ಇರುತ್ತವೆ. ಹೆಸರಿರುವ ಒಬ್ಬ ಮನುಷ್ಯ ಇರುವುದಿಲ್ಲ. ‘ಅಲ್ಲಿನ ಜನ ಬಹಳ ಸ್ನೇಹಜೀವಿಗಳು’ ಎಂಬ ಒಂದೇ ಸಾಲಿನಲ್ಲಿ ಇಡೀ ದೇಶ ಮುಗಿದುಹೋಗುತ್ತದೆ. ಅಂಥವನ್ನು ಅಚ್ಚು ಹಾಕಿದ ಪಾಪ ನನ್ನದೇ. ಹಾಗಾಗಿ ನಿಮ್ಮ ‘ಬುರುಡೆ’ ಎಂಬ ಮಾತನ್ನು ಅಷ್ಟರ ಮಟ್ಟಿಗೆ ತಲೆಬಾಗಿ ಸ್ವೀಕರಿಸಿದ್ದೇನೆ.

ವಿಡಿಯೊ ಸಾಕಿತ್ತು ಎಂಬುದನ್ನು ಮಾತ್ರ ಒಪ್ಪಲಾರೆ. ವಿಡಿಯೊದಲ್ಲಿ ಬಿದ್ದ ಶಾಲನ್ನು ಯಾರೂ ಎತ್ತಿ ಕೊಡುವುದಿಲ್ಲ. ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಚರ್ಚುಗಳಿವೆ, ಸೇತುವೆಗಳಿವೆ, ಹಿಮವಿದೆ. ಮೂರು ಸಲ ಓದಿದ ಮೇಲೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಶಾಲು ಒಂದೇ. ಹನ್ನೊಂದು ದಿನವೂ ಅವನೇ ಡ್ರೈವರ್ ಎಂಬುದು ನೀವು ಬರೆದ ರೀತಿಯಿಂದಲೇ ತಿಳಿಯುತ್ತದೆ. ಬಿದ್ದದ್ದು ನಿಮ್ಮದೇ ಶಾಲು ಎಂದು ಅವನಿಗೆ ಹೇಗೆ ಗೊತ್ತಾಗುತ್ತಿತ್ತು? ಅವನ ಹೆಸರು ಏನು, ಟೀಚರ್? ನಿಮಗೆ ನೆನಪಿಲ್ಲದಿದ್ದರೆ ಸಹಪ್ರಯಾಣಿಕರಲ್ಲಿ ಯಾರಿಗಾದರೂ ಫೋನು ಮಾಡಿ ಕೇಳಿ. ಆ ನೆಪದಲ್ಲಿ ಅವರ ಹೆಸರನ್ನೂ ಕೇಳಿ ಇಟ್ಟುಕೊಳ್ಳಿ.